ಕೊಲ್ಲಲು ಬಂದವನ ಮುಂದೆ ಕ್ರೈಸ್ತರು ಸುಮ್ಮನೆ ನಿಲ್ಲಬೇಕಾ?

ನೀವು ಕೇಳಿದ್ದು ಇಷ್ಟು: "ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ತೋರಿಸು ಅಂತ ಯೇಸು ಹೇಳಿದ್ದಾರೆ. ಹಾಗಾದರೆ ಕೊಲ್ಲಲು ಬಂದವನನ್ನೂ ತಡೆಯಬಾರದಾ? ಆತ್ಮರಕ್ಷಣೆ ಪಾಪವಾ? ಸುಮ್ಮನೆ ಸಾಯುವುದೇ ತ್ಯಾಗವಾ?"

ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಪಾಪವಲ್ಲ. ಕ್ಯಾಥೊಲಿಕ್ ಸಭೆಯೂ ಹೆಚ್ಚಿನ ಪ್ರಾಟೆಸ್ಟಂಟ್ ಸಭೆಗಳೂ ಹೀಗೇ ಹೇಳುತ್ತವೆ. ಆದರೆ ತಿರುಗಿ ಹೊಡೆಯುವುದೇ ತಪ್ಪು ಅನ್ನುವ ಒಂದು ಹಳೆಯ ಗುಂಪೂ ಕ್ರೈಸ್ತರಲ್ಲಿದೆ. ಅವರನ್ನು ಪೆದ್ದರು ಅಂತ ಪಕ್ಕಕ್ಕೆ ತಳ್ಳಲು ನನಗೆ ಮನಸ್ಸಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಪಾದ್ರಿಯಲ್ಲ. ಕೆಲವು ವರ್ಷ ಸಂಡೇ ಸ್ಕೂಲಿನಲ್ಲಿ ದೊಡ್ಡ ಮಕ್ಕಳಿಗೆ ಪಾಠ ಮಾಡಿದ್ದೇನೆ. ಈ ಪ್ರಶ್ನೆ ಪ್ರತಿ ವರ್ಷ ಬರುತ್ತಿತ್ತು. ಅದೂ ಯಾರ ಜೊತೆಗೋ ಜಗಳ ಮಾಡಿಕೊಂಡು ಬಂದ ಹುಡುಗನಿಂದ. ಆಗ ಇಬ್ಬರನ್ನು ಎದುರುಬದುರು ನಿಲ್ಲಿಸುತ್ತಿದ್ದೆ. "ಬಲಗೈಯಿಂದ ಇವನ ಬಲಗೆನ್ನೆಗೆ ಹೊಡೆಯೋದು ಹೇಗೆ, ತೋರಿಸು" ಅನ್ನುತ್ತಿದ್ದೆ. ಹುಡುಗ ಜೋರಾಗಿ ಕೈ ಎತ್ತುತ್ತಿದ್ದ. ಅರ್ಧದಲ್ಲಿ ನಿಲ್ಲಿಸುತ್ತಿದ್ದ. ಎಡಗೈ ಎತ್ತಿ ನೋಡುತ್ತಿದ್ದ. "ಸರಿಯಾಗಿ ಬರಲ್ಲ ಸರ್" ಅನ್ನುತ್ತಿದ್ದ. ಬರುವುದಿಲ್ಲ ನಿಜ. ಎದುರಿಗೆ ನಿಂತವನ ಬಲಗೆನ್ನೆ ನಮ್ಮ ಎಡಕ್ಕಿರುತ್ತದೆ. ಬಲಗೈಯಿಂದ ಅದಕ್ಕೆ ಬಾರಿಸಬೇಕಾದರೆ ಕೈಯ ಹಿಂಬದಿಯಿಂದಲೇ ಬಾರಿಸಬೇಕು.

ಯೇಸುವಿನ ಈ ಮಾತನ್ನು ಬರೆದಿಟ್ಟ ಇಬ್ಬರು ಸುವಾರ್ತೆಕಾರರಲ್ಲಿ ಲೂಕ ಬರೀ "ಕೆನ್ನೆ" ಅನ್ನುತ್ತಾನೆ. ಮತ್ತಾಯ ಮಾತ್ರ "ಬಲಗೆನ್ನೆ" ಅಂತ ಬಿಡಿಸಿ ಬರೆದಿದ್ದಾನೆ. ಕೈಯ ಹಿಂಬದಿಯಿಂದ ಹೊಡೆಯುವುದು ಯಾವ ಥರದ ಏಟು? ಕ್ರಿಸ್ತಶಕ 200ರ ಸುಮಾರಿಗೆ ಒಟ್ಟಾದ ಮಿಶ್ನಾ ಎಂಬ ಯೆಹೂದ್ಯರ ಕಾನೂನು ಸಂಗ್ರಹದಲ್ಲಿ ಇದಕ್ಕೆ ದಂಡದ ಲೆಕ್ಕವೇ ಇದೆ. ಕೆನ್ನೆಗೆ ಹೊಡೆದರೆ 200 ಜೂಜ್ (ಆಗಿನ ಬೆಳ್ಳಿ ನಾಣ್ಯ). ಕೈಯ ಹಿಂಬದಿಯಿಂದ ಹೊಡೆದರೆ 400. ನೋವು ಕಡಿಮೆ, ದಂಡ ಎರಡರಷ್ಟು. ಹೆಚ್ಚಿನ ದುಡ್ಡು ಅವಮಾನಕ್ಕೆ. ಆದ್ದರಿಂದ ಮತ್ತಾಯ 5:39 ಚೂರಿ ಹಿಡಿದು ಬಂದವನ ಬಗ್ಗೆ ಹೇಳಿದ ಮಾತಲ್ಲ, ಮಾನ ಕಳೆಯಲು ಬಂದವನ ಬಗ್ಗೆ ಹೇಳಿದ್ದು ಅಂತ ಬಹಳ ಜನ ಪಂಡಿತರು ಓದುತ್ತಾರೆ. ಅದರ ಹಿಂದಿನ ವಚನವೂ "ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು". ಅಂದರೆ ಸೇಡಿನ ವಿಷಯ.

ಈ ವಿವರಣೆ ನನಗೆ ಇಷ್ಟ. ಆದರೆ ಇದೊಂದನ್ನೇ ಹಿಡಿದುಕೊಂಡು ಕೈ ತೊಳೆದುಕೊಳ್ಳುವುದು ಸ್ವಲ್ಪ ಜಾಣತನ ಜಾಸ್ತಿಯಾಯಿತು. ಅದೇ ಅಧ್ಯಾಯದಲ್ಲಿ ಮುಂದೆ ವೈರಿಯನ್ನು ಪ್ರೀತಿಸು ಅಂತ ಇದೆ. ಹೇಳಿದವರು ಕೊನೆಗೆ ಶಿಲುಬೆಯ ಮೇಲೆ ಸತ್ತರು. ಬರೀ ಅವಮಾನದ ಪ್ರಶ್ನೆಯಾಗಿದ್ದರೆ ಅಲ್ಲಿಯವರೆಗೆ ಹೋಗುವ ಅಗತ್ಯವೇ ಇರಲಿಲ್ಲ, ಅಲ್ವಾ?

ಸರಿ, ಯೇಸುವಿಗೇ ಕಪಾಳಕ್ಕೆ ಬಿದ್ದಾಗ ಏನು ಮಾಡಿದರು? ಇದು ಎಷ್ಟೋ ಜನ ಗಮನಿಸದ ಜಾಗ. ಯೋಹಾನ 18ರಲ್ಲಿ ಮಹಾಯಾಜಕನ ವಿಚಾರಣೆ ನಡೆಯುವಾಗ ಒಬ್ಬ ಓಲೇಕಾರ ಹೊಡೆಯುತ್ತಾನೆ. ಯೇಸು ಇನ್ನೊಂದು ಕೆನ್ನೆ ತಿರುಗಿಸಲಿಲ್ಲ. ತಿರುಗಿ ಹೊಡೆಯಲೂ ಇಲ್ಲ. ನಾನು ತಪ್ಪು ಮಾತಾಡಿದ್ದರೆ ತೋರಿಸಿಕೊಡು, ಸರಿ ಮಾತಾಡಿದ್ದರೆ ಯಾಕೆ ಹೊಡೆದೆ ಅಂತ ಕೇಳಿದರು. ಸಹಿಸುವುದು ಅಂದರೆ ಬಾಯಿ ಮುಚ್ಚಿಕೊಳ್ಳುವುದು ಅಂತ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ.

ಮೊದಮೊದಲ ದಿನಗಳಲ್ಲಿ ಯೇಸುವಿನ ಸುದ್ದಿಯನ್ನು ಊರೂರಿಗೆ ಸಾರಿದ ಪೌಲನನ್ನು ನೋಡಿ. ದಮಸ್ಕದಲ್ಲಿ ಅವನನ್ನು ಕೊಲ್ಲಲು ಹಗಲುರಾತ್ರಿ ಊರಬಾಗಿಲು ಕಾಯುತ್ತಿದ್ದರು. ಗೆಳೆಯರು ರಾತ್ರಿ ಅವನನ್ನು ಒಂದು ಬುಟ್ಟಿಯಲ್ಲಿ ಕೂರಿಸಿ ಕೋಟೆಗೋಡೆಯಿಂದ ಕೆಳಕ್ಕೆ ಇಳಿಸಿದರು. ಅಷ್ಟು ದೊಡ್ಡ ಅಪೊಸ್ತಲ, ಬುಟ್ಟಿಯಲ್ಲಿ ಮುದುಡಿಕೊಂಡು ಕತ್ತಲಲ್ಲಿ ಇಳಿಯುತ್ತಿದ್ದಾನೆ! ಮುಂದೆ ಯೆರೂಸಲೇಮಿನಲ್ಲಿ ಕೊರಡೆಯಿಂದ ಹೊಡೆಯಲು ಕಟ್ಟಿದಾಗ "ರೋಮ್ ಪೌರನನ್ನು ವಿಚಾರಣೆ ಇಲ್ಲದೆ ಹೊಡೆಯಬಹುದೋ" ಅಂತ ಕಾನೂನು ಕೇಳಿದ. ಪೌಲನನ್ನು ಕೊಲ್ಲುವ ತನಕ ಅನ್ನ ನೀರು ಮುಟ್ಟಲ್ಲ ಅಂತ ನಲವತ್ತಕ್ಕೂ ಹೆಚ್ಚು ಜನ ಆಣೆ ಇಟ್ಟಾಗ, ಆ ಸಂಚು ಅವನ ಅಕ್ಕನೋ ತಂಗಿಯೋ, ಅವಳ ಮಗನ ಕಿವಿಗೆ ಬಿತ್ತು. ಪೌಲ ಅವನನ್ನು ನೇರವಾಗಿ ಸೇನಾಧಿಕಾರಿಯ ಹತ್ತಿರ ಕಳಿಸಿದ. ಅದೇ ರಾತ್ರಿ 200 ಸಿಪಾಯಿಗಳು, 70 ಕುದುರೆ ಸವಾರರು, 200 ಭರ್ಜಿ ಹಿಡಿದವರು, ಒಟ್ಟು 470 ಜನರ ಕಾವಲಿನಲ್ಲಿ ಅವನು ಹೊರಟ. ಬೇಡಪ್ಪಾ, ನಾನು ತ್ಯಾಗ ಮಾಡ್ತೀನಿ ಅಂತ ಹೇಳಿದ್ದು ಎಲ್ಲೂ ಇಲ್ಲ. (ಆ ನಲವತ್ತು ಜನ ಆಮೇಲೆ ಊಟ ಮಾಡಿದರಾ ಅಂತ ಮಕ್ಕಳು ತಪ್ಪದೆ ಕೇಳುತ್ತಿದ್ದರು. ಬೈಬಲ್ ಹೇಳಿಲ್ಲ.) ಇದೇ ಪೌಲ ಯೇಸುವಿನ ಹೆಸರಿಗಾಗಿ ಸಾಯಲೂ ಸಿದ್ಧ ಅಂತ ಅದಕ್ಕೆ ಸ್ವಲ್ಪ ಮುಂಚೆ ಹೇಳಿದ್ದ. ಎರಡೂ ಒಬ್ಬನೇ ಮನುಷ್ಯ.

ಕತ್ತಿಯ ವಚನಗಳ ಬಗ್ಗೆ ಜಾಸ್ತಿ ಹೇಳಲ್ಲ. ಲೂಕ 22ರಲ್ಲಿ ಕತ್ತಿ ಇಲ್ಲದವನು ಮೇಲಂಗಿ ಮಾರಿ ಕತ್ತಿ ಕೊಳ್ಳಲಿ ಅಂತ ಇದೆ. ಬಂದೂಕು ಇಟ್ಟುಕೊಳ್ಳಬೇಕು ಅನ್ನುವವರು ಇದನ್ನು ಬಾಯಿಪಾಠ ಮಾಡಿರುತ್ತಾರೆ. ಆದರೆ ಶಿಷ್ಯರು "ಇಲ್ಲಿ ಎರಡು ಕತ್ತಿ ಇವೆ" ಅಂದಾಗ ಯೇಸು "ಸಾಕು" ಅಂದರು. ಅಷ್ಟು ಜನಕ್ಕೆ ಎರಡು ಕತ್ತಿ ಸಾಕಾಗುವ ಯುದ್ಧ ಯಾವುದು? ಅದೇ ರಾತ್ರಿ ಯೇಸುವನ್ನು ಹಿಡಿಯಲು ಬಂದಾಗ ಶಿಷ್ಯ ಪೇತ್ರ ಒಂದನ್ನು ಎತ್ತಿ, ಮಹಾಯಾಜಕನ ಆಳು ಮಲ್ಕನ ಬಲಗಿವಿ ಕತ್ತರಿಸಿದ. ಯೇಸು ಕಿವಿ ವಾಸಿ ಮಾಡಿದರು, ಕತ್ತಿ ಒರೆಗೆ ಹಾಕು ಅಂದರು. ಈ ಅಧ್ಯಾಯದಿಂದ ಆಯುಧದ ಲೈಸೆನ್ಸ್ ಹುಟ್ಟಿಸಲು ಬಹಳ ಕಷ್ಟಪಡಬೇಕು ಅನ್ನುವುದು ನನ್ನ ಅಭಿಪ್ರಾಯ.

ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದ ವಚನ ಹಳೆ ಒಡಂಬಡಿಕೆಯಲ್ಲಿದೆ. ವಿಮೋಚನಕಾಂಡ 22. ಕಳ್ಳ ಕನ್ನ ಕೊರೆಯುವಾಗ ಸಿಕ್ಕಿ, ಏಟು ಬಿದ್ದು ಸತ್ತರೆ ಹೊಡೆದವನ ಮೇಲೆ ಕೊಲೆಯ ಅಪರಾಧ ಇಲ್ಲ. ಹೊತ್ತು ಹುಟ್ಟಿದ್ದರೆ ಅಪರಾಧ ಇದೆ. ಕತ್ತಲಲ್ಲಿ ಬಂದವನು ಯಾರು, ಕೈಯಲ್ಲಿ ಏನಿದೆ, ಗೊತ್ತಾಗಲ್ಲ. ಬೆಳಕಿನಲ್ಲಿ ಗೊತ್ತಾಗುತ್ತದೆ, ಕೂಗಿ ಕರೆಯಬಹುದು, ಹಿಡಿಯಬಹುದು. ಕಳ್ಳನ ಪ್ರಾಣಕ್ಕೂ ಅಲ್ಲಿ ಲೆಕ್ಕ ಇದೆ.

ಆಮೇಲೆ ಬಂದ ಗುರುಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. 4ನೇ ಶತಮಾನದ ಮಿಲಾನಿನ ಬಿಷಪ್ ಅಂಬ್ರೋಸ್, ತನ್ನ ಜೀವ ಉಳಿಸಿಕೊಳ್ಳಲು ಕ್ರೈಸ್ತನು ದರೋಡೆಕೋರನಿಗೂ ತಿರುಗಿ ಹೊಡೆಯಬಾರದು ಅಂದರು. ಇನ್ನೊಬ್ಬ ಬಿಷಪ್ ಅಗಸ್ಟೀನ್ ಕೂಡ 398ರ ಸುಮಾರಿಗೆ ಬರೆದ ಒಂದು ಪತ್ರದಲ್ಲಿ, ತನಗಾಗಿ ಕೊಲ್ಲುವುದು ನನಗೆ ಒಪ್ಪಿಗೆಯಿಲ್ಲ, ಸೈನಿಕನೋ ಅಧಿಕಾರಿಯೋ ಬೇರೆಯವರಿಗಾಗಿ ಮಾಡಿದರೆ ಅದು ಬೇರೆ ಮಾತು ಅಂತ ಹೇಳುತ್ತಾರೆ. ನಾವು ಇವತ್ತು ಯೋಚಿಸುವುದಕ್ಕೆ ಇದು ತಲೆಕೆಳಗು. ಪ್ರಾಟೆಸ್ಟಂಟ್ ಸುಧಾರಣೆ ಶುರು ಮಾಡಿದ ಲೂಥರ್ 1523ರಲ್ಲಿ ಬರೆದದ್ದೂ ಹೆಚ್ಚುಕಡಿಮೆ ಇದೇ ದಾರಿ. ನಿನ್ನ ವಿಷಯದಲ್ಲಿ ಸಹಿಸು, ನೆರೆಯವನ ವಿಷಯದಲ್ಲಿ ಅನ್ಯಾಯ ನಡೆಯಲು ಬಿಡಬೇಡ.

ಗಂಟು ಸಡಿಲಿಸಿದವರು 13ನೇ ಶತಮಾನದ ಕ್ಯಾಥೊಲಿಕ್ ಪಂಡಿತ ಥಾಮಸ್ ಅಕ್ವಿನಾಸ್. ಒಂದು ಕೆಲಸಕ್ಕೆ ಎರಡು ಫಲ ಇರಬಹುದು, ನೀನು ಬಯಸಿದ್ದು ನಿನ್ನ ಜೀವ ಉಳಿಯಲಿ ಅಂತ, ಅವನು ಸಾಯಲಿ ಅಂತ ಅಲ್ಲ. ಹಾಗಿದ್ದರೆ ತಪ್ಪಿಲ್ಲ, ಆದರೆ ಬೇಕಾದ್ದಕ್ಕಿಂತ ಜಾಸ್ತಿ ಬಲ ಹಾಕಿದರೆ ತಪ್ಪು. ಕಳ್ಳ ಕೆಳಗೆ ಬಿದ್ದ ಮೇಲೂ ಒದೆಯುತ್ತಿದ್ದರೆ ಅದು ರಕ್ಷಣೆಯಲ್ಲ, ಸೇಡು. 1992ರ ಕ್ಯಾಥೊಲಿಕ್ ಕ್ಯಾಟೆಕಿಸಮ್ (ಸಭೆಯ ಬೋಧನೆಗಳ ಅಧಿಕೃತ ಪುಸ್ತಕ) ಇದನ್ನೇ ಮುಂದುವರಿಸಿ, ಇತರರ ಜೀವದ ಹೊಣೆ ಹೊತ್ತವರಿಗೆ ರಕ್ಷಣೆ ಬರೀ ಹಕ್ಕಲ್ಲ, ಗಂಭೀರ ಕರ್ತವ್ಯವೂ ಆಗಬಹುದು ಅನ್ನುತ್ತದೆ.

ಈಗ ಆ ಇನ್ನೊಂದು ಗುಂಪು. 1527ರಲ್ಲಿ ಷ್ಲೈಟ್‌ಹೈಮ್ ಎಂಬಲ್ಲಿ ಅನಬ್ಯಾಪ್ಟಿಸ್ಟರು (ದೊಡ್ಡವರಾದ ಮೇಲೆ ನಂಬಿಯೇ ದೀಕ್ಷಾಸ್ನಾನ ಪಡೆಯಬೇಕು ಅನ್ನುವವರು) ಕತ್ತಿ ಕ್ರಿಸ್ತನ ದಾರಿಯಲ್ಲಿಲ್ಲ ಅಂತ ಬರೆದಿಟ್ಟರು. ಮೆನೊನೈಟರು, ಆಮಿಶರು ಇವರ ವಂಶದವರು. ಅವರ ಒಂದು ಕಥೆಯನ್ನು ಓದಿದ ಮೇಲೆ ನನಗೆ ಅವರನ್ನು ನೋಡಿ ನಗಲು ಆಗಿಲ್ಲ. 1569, ನೆದರ್‌ಲ್ಯಾಂಡ್ಸಿನ ಆಸ್ಪೆರನ್. ಡಿರ್ಕ್ ವಿಲೆಮ್ಸ್ ಅನ್ನುವವನನ್ನು ಅವನ ನಂಬಿಕೆಗಾಗಿ ಜೈಲಿಗೆ ಹಾಕಿದ್ದರು. ಬಟ್ಟೆ ಚೂರುಗಳನ್ನು ಗಂಟು ಹಾಕಿ ಹಗ್ಗ ಮಾಡಿ ಕಿಟಕಿಯಿಂದ ಇಳಿದು ಓಡಿದ. ಎದುರಿಗೆ ತೆಳ್ಳಗೆ ಹೆಪ್ಪುಗಟ್ಟಿದ ನೀರು. ಜೈಲಿನ ಊಟ ತಿಂದು ಬಡಕಲಾಗಿದ್ದವನು ದಾಟಿಬಿಟ್ಟ. ಅಟ್ಟಿಸಿಕೊಂಡು ಬಂದ ಕಾವಲಿನವನ ಕಾಲಡಿ ಮಂಜುಗಡ್ಡೆ ಒಡೆದು ಅವನು ನೀರಿಗೆ ಬಿದ್ದ. ಡಿರ್ಕ್ ವಾಪಸ್ ಬಂದು ಕೈ ಚಾಚಿ ಅವನನ್ನು ಎಳೆದುಕೊಂಡ. ಅದೇ ಮನುಷ್ಯ ಅವನನ್ನು ಹಿಡಿದ. ಆ ವರ್ಷ ಮೇ 16ರಂದು ಡಿರ್ಕ್‌ನನ್ನು ಜೀವಂತ ಸುಟ್ಟರು.

ಇಲ್ಲಿ ಒಂದು ಸಣ್ಣ ವಿಷಯ ನೋಡಿ. ಡಿರ್ಕ್ ಮೊದಲು ಓಡಿದ. ಸಾಯಲು ಕೂತಿರಲಿಲ್ಲ. ಹಳೆಯ ಸಭೆಯೂ ಸಾವನ್ನು ಹುಡುಕಿಕೊಂಡು ಹೋಗುವವರನ್ನು ಮೆಚ್ಚುತ್ತಿರಲಿಲ್ಲ. 4ನೇ ಶತಮಾನದ ಮೊದಲಲ್ಲಿ ಸ್ಪೇನಿನ ಎಲ್ವಿರಾದಲ್ಲಿ ಸೇರಿದ ಬಿಷಪರ ಸಭೆ, ವಿಗ್ರಹ ಒಡೆಯಲು ಹೋಗಿ ಸತ್ತವನನ್ನು ರಕ್ತಸಾಕ್ಷಿಗಳ (ನಂಬಿಕೆಗಾಗಿ ಪ್ರಾಣ ಕೊಟ್ಟವರ) ಲೆಕ್ಕಕ್ಕೆ ಸೇರಿಸಬೇಡಿ ಅಂತ ನಿಯಮ ಮಾಡಿತು.

ಹಾಗಾದರೆ ತ್ಯಾಗ ಅಂದರೆ ಏನು? ಯೋಹಾನ 10:18ರಲ್ಲಿ ಯೇಸು ತಮ್ಮ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ತಾವೇ ಕೊಡುತ್ತಿದ್ದೇವೆ ಅನ್ನುತ್ತಾರೆ. ನನಗೆ ಇಡೀ ಚರ್ಚೆಯ ಕೀಲಿ ಇಲ್ಲಿದೆ. 1941ರಲ್ಲಿ ನಾಜಿಗಳ ಔಷ್ವಿಟ್ಜ್ ಶಿಬಿರದಿಂದ ಒಬ್ಬ ಕೈದಿ ತಪ್ಪಿಸಿಕೊಂಡ ಅಂತ ಹತ್ತು ಜನರನ್ನು ಹಸಿವಿನಿಂದ ಸಾಯಲು ಆರಿಸಿದರು. ಅವರಲ್ಲೊಬ್ಬ, ಫ್ರಾನ್ಸಿಸ್ಜೆಕ್ ಗಯೋವ್ನಿಚೆಕ್, ಹೆಂಡತಿ ಮಕ್ಕಳನ್ನು ನೆನೆದು ಅತ್ತ. ಸಾಲಿನಲ್ಲಿದ್ದ ಮ್ಯಾಕ್ಸಿಮಿಲಿಯನ್ ಕೋಲ್ಬೆ ಎಂಬ ಪಾದ್ರಿ ಮುಂದೆ ಬಂದು ಇವನ ಬದಲು ನಾನು ಹೋಗುತ್ತೇನೆ ಅಂದರು. ಆಗಸ್ಟ್ 14ರಂದು ಅವರನ್ನು ವಿಷದ ಇಂಜೆಕ್ಷನ್ ಕೊಟ್ಟು ಕೊಂದರು. 1982ರಲ್ಲಿ ಕೋಲ್ಬೆ ಅವರನ್ನು ಸಂತ ಎಂದು ಸಾರಿದಾಗ ಆ ಗಯೋವ್ನಿಚೆಕ್ ಅಲ್ಲೇ ಇದ್ದರು. ಈಗ ಇದನ್ನೇ ತಿರುಗಿಸಿ ನೋಡಿ. ಸಾಲಿನಲ್ಲಿದ್ದ ಬೇರೆ ಯಾರಾದರೂ ಕೋಲ್ಬೆಯ ಬೆನ್ನಿಗೆ ಕೈಹಾಕಿ "ನೀವು ಪಾದ್ರಿ ತಾನೇ, ಹೋಗಿ" ಅಂತ ತಳ್ಳಿದ್ದರೆ ಅದನ್ನು ಏನೆಂದು ಕರೆಯುತ್ತಿದ್ದೆವು?

ತಳ್ಳುವ ಕೆಲಸ ನಾನೂ ಒಮ್ಮೆ ಮಾಡಿದ್ದೇನೆ. ಒಂದು ಸಂಜೆ ಬೈಬಲ್ ಸ್ಟಡಿ ಮುಗಿದಿತ್ತು. ಒಬ್ಬ ಅಕ್ಕ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಾ, ನನ್ನ ಮುಖ ನೋಡದೆ, "ಬ್ರದರ್, ಎಷ್ಟು ಸಲ ಕೆನ್ನೆ ತೋರಿಸಬೇಕು?" ಅಂದರು. ನನಗೆ ಮನೆಗೆ ಹೋಗುವ ಅವಸರ. "ಏಳೆಪ್ಪತ್ತು ಸಲ ಅಕ್ಕ" ಅಂತ ನಕ್ಕುಬಿಟ್ಟೆ. ಆ ವಚನ ಕ್ಷಮಿಸುವುದರ ಬಗ್ಗೆ. ಏಟು ತಿನ್ನುವುದರ ಬಗ್ಗೆ ಅಲ್ಲವೇ ಅಲ್ಲ. ಅವರು ಹೂಂ ಅಂದು ಕುರ್ಚಿ ಪೇರಿಸಿ ಹೋದರು. ಕೆಲವು ತಿಂಗಳ ಮೇಲೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದರು ಅಂತ ಸುದ್ದಿ ಬಂತು. ಗಂಡ ವರ್ಷಗಳಿಂದ ಹೊಡೆಯುತ್ತಿದ್ದನಂತೆ. ಅವರು ನನ್ನನ್ನು ಕೇಳಿದ್ದು ಮತ್ತಾಯನ ಸುವಾರ್ತೆಯ ಬಗ್ಗೆ ಆಗಿರಲಿಲ್ಲ.

ನೀವು ಯಾಕೆ ಕೇಳಿದಿರೋ ಗೊತ್ತಿಲ್ಲ. ಸುಮ್ನೆ ಕುತೂಹಲ ಇದ್ದರೆ ಮೇಲಿನದ್ದು ಸಾಕು. ಆದರೆ ಮನೆಯಲ್ಲೋ ಹೊರಗೋ ನಿಮ್ಮ ಮೇಲೆ ಕೈ ಮಾಡುವವರಿದ್ದರೆ, ಅಲ್ಲಿಂದ ಹೊರಡಿ. ನಂಬುವ ಒಬ್ಬರಿಗೆ ಹೇಳಿ, ಪೊಲೀಸರಿಗೆ ಹೇಳಿ. ಕ್ಷಮಿಸುವುದನ್ನು ದೂರದಲ್ಲಿದ್ದುಕೊಂಡೂ ಮಾಡಬಹುದು. ಶಿಲುಬೆ ಹೊರು ಅಂತ ಯಾರಾದರೂ ಉಪದೇಶ ಮಾಡಿದರೆ, ಆ ಶಿಲುಬೆಯ ಇನ್ನೊಂದು ತುದಿ ಅವರು ಹಿಡಿಯುತ್ತಾರಾ ಅಂತ ಕೇಳಿ.

ಆ ಅಕ್ಕ ಎರಡು ವರ್ಷ ಬಿಟ್ಟು ಒಂದು ಮದುವೆಯಲ್ಲಿ ಸಿಕ್ಕರು. ಕ್ಷಮೆ ಕೇಳಿದೆ. ಮಾತಿಗೆ ಮಾತು ಬಂದು ದಮಸ್ಕದ ಬುಟ್ಟಿಯ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಅವತ್ತೇ ಇದನ್ನ ಹೇಳಬಾರದಿತ್ತಾ ಬ್ರದರ್?" ಅಂದರು.