ಉ: ಕುಡಿತದ ಚಟ ರಕ್ತದಲ್ಲೇ ಬರುತ್ತದಾ?

ನಮಸ್ಕಾರ ರೀ. ತಾತ ಸೇಂದಿ, ಅಪ್ಪ ಸಾರಾಯಿ, ಈಗ ಕಾಲೇಜು ಓದುವ ತಮ್ಮನೂ ಶುರು ಹಚ್ಚಿಕೊಂಡಿದ್ದಾನೆ, ಜೀನ್ ಟೆಸ್ಟ್ ಮಾಡಿಸಬೇಕಾ ಅಂತ ಸಿಂಧನೂರಿನಿಂದ ಕೇಳಿದ್ದೀರಿ.

ಟೆಸ್ಟಿಗೆ ದುಡ್ಡು ಸುರಿಯಬೇಡಿ. ಚಟ ತರುವ ಒಂದೇ ಜೀನ್ ಅಂತ ಇಲ್ಲ. ನೂರಾರು ಜೀನ್‌ಗಳು ಒಂದೊಂದೂ ಚೂರುಚೂರು ಪಾಲು ಹಾಕುತ್ತವೆ. ಅವಳಿಗಳ ಅಧ್ಯಯನಗಳ ಲೆಕ್ಕದಲ್ಲಿ ಕುಡಿತದ ಚಟಕ್ಕೆ ಬೀಳುವ ಸಾಧ್ಯತೆ ಒಬ್ಬರಿಂದೊಬ್ಬರಿಗೆ ಬೇರೆಯಾಗುವುದರಲ್ಲಿ ಅನುವಂಶೀಯತೆಯ ಪಾಲು ಸುಮಾರು ಶೇ. 50. ಕುಡುಕರ ಮಕ್ಕಳು ದತ್ತು ಹೋಗಿ ಬೇರೆ ಮನೆಯಲ್ಲಿ ಬೆಳೆದರೂ ಅಪಾಯ ಹೆಚ್ಚೇ ಇರುತ್ತದೆ. ಹಾಗಂತ ಕುಡುಕರ ಮಕ್ಕಳೆಲ್ಲ ಕುಡುಕರಾಗುವುದಿಲ್ಲ, ಬಹಳಷ್ಟು ಮಂದಿ ಆಗುವುದೇ ಇಲ್ಲ.

ನನಗೆ ಕಳವಳ ತಂದದ್ದು ನೀವು ಹೆಮ್ಮೆಯಿಂದಲೋ ಏನೋ ಬರೆದ ಇನ್ನೊಂದು ಸಾಲು: 'ತಮ್ಮನಿಗೆ ಎರಡು ಕ್ವಾರ್ಟರ್ ಹಾಕಿದರೂ ಏರಲ್ಲ.' ಗೆಳೆಯರು ಇದಕ್ಕೇ ಬೆನ್ನು ತಟ್ಟುತ್ತಾರೆ. ಆದರೆ ಕುಡುಕರ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಗುಣವೇ ಇದು. ನಶೆ ಬೇಗ ಏರದವರು ಹೆಚ್ಚು ಕುಡಿಯುತ್ತಾರೆ, ಮುಂದೆ ಚಟಕ್ಕೆ ಬೀಳುವುದೂ ಹೆಚ್ಚು. ಅವನನ್ನು ಬೈಯುವ ಬದಲು ಇದನ್ನು ಬಿಡಿಸಿ ಹೇಳಿ. ಎಳೆ ವಯಸ್ಸಿನಲ್ಲಿ ಶುರುವಾದಷ್ಟೂ ಅಪಾಯ ಜಾಸ್ತಿ.

ಅಪ್ಪಾಜಿಗೆ ದೇವರ ಆಣೆ ಹಾಕಿಸಿ ಒಂದೇ ದಿನಕ್ಕೆ ಬಿಡಿಸುತ್ತೀವಿ ಅಂದಿರಲ್ಲ, ದಯವಿಟ್ಟು ಬೇಡ. ದಿನಾ ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಕೈ ನಡುಗಿ ಫಿಟ್ಸ್ ಬರಬಹುದು, ಜೀವಕ್ಕೂ ಕುತ್ತು. ಸಿಎಚ್ ಪೌಡರ್ (ಕ್ಲೋರಲ್ ಹೈಡ್ರೇಟ್ ಅನ್ನೋ ನಿದ್ದೆ ಬರಿಸುವ ರಾಸಾಯನಿಕ) ಬೆರೆಸಿದ ಸೇಂದಿ ಬಿಟ್ಟಾಗಲೂ ಹಾಗೆಯೇ. ಮೊದಲು ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ನ ಮನೋರೋಗ ವಿಭಾಗಕ್ಕೆ ಕರೆದೊಯ್ಯಿರಿ. ಅಪ್ಪಾಜಿ ಒಪ್ಪದಿದ್ದರೆ ನೀವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಹಚ್ಚಿ, ಕನ್ನಡದಲ್ಲೇ ಮಾತಾಡ್ತಾರ್ರೀ.