ಚಾಲಕ ಗ್ಯಾರೇಜಿನಲ್ಲೂ ಇರಬೇಕೇ?

ಕಲಬುರಗಿಯ ಕಾಲೇಜೊಂದರ ಗೋ-ಕಾರ್ಟ್ (ಪುಟ್ಟ ರೇಸ್ ಗಾಡಿ) ತಂಡದ ಪ್ರಶ್ನೆ: ಚಾಲಕ ರೇಸ್ ದಿನ ಬಂದು ಓಡಿಸಿದರೆ ಸಾಲದೇ?

ಸಾಲದು. ‘ಗಾಡಿ ಬರೋಬರ್ ಇಲ್ರಿ’ ಅಂದರೆ ಮೆಕ್ಯಾನಿಕ್ ಯಾವ ಬೋಲ್ಟಿಗೆ ಕೈ ಹಾಕಬೇಕು? ತಿರುವನ್ನು ಮೂರು ಭಾಗ ಮಾಡಿ ಹೇಳಲಿ: ಒಳಹೋಗುವಾಗ, ನಡುವೆ, ಹೊರಬರುವಾಗ. ಮುಂಭಾಗ ತಿರುಗದೆ ಜಾರುತ್ತಿದೆಯೋ, ಹಿಂಭಾಗ ಜಾರುತ್ತಿದೆಯೋ? ಮುಂಭಾಗವಾದರೆ ಮುಂದಿನ ಚಕ್ರಗಳನ್ನು ಎರಡೂ ಬದಿ 5 ಮಿ.ಮೀ. ಹೊರಗೆ ತಂದು ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಐದು ಸುತ್ತು. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದು ಫಲಿಸಿತೆಂದು ಗೊತ್ತಾಗುವುದಿಲ್ಲ. ಬೆಳಿಗ್ಗೆ ತುಂಬಿದ ಟೈರ್ ಒತ್ತಡ ನಮ್ಮ ಏಪ್ರಿಲ್ ಮಧ್ಯಾಹ್ನಕ್ಕೆ ಏರಿರುತ್ತದೆ. ಗಾಡಿ ಪಿಟ್‌ಗೆ (ಟ್ರ್ಯಾಕ್ ಪಕ್ಕದ ರಿಪೇರಿ ಜಾಗಕ್ಕೆ) ಬಂದ ಕೂಡಲೇ ಅಳೆದು ಬರೆದಿಡಿ.

ದೊಡ್ಡ ಉದಾಹರಣೆ ಫಾರ್ಮುಲಾ ಒನ್ ಕಾರ್ ರೇಸಿನ ಚಾಲಕ ಮೈಕೆಲ್ ಶುಮಾಕರ್. 1996ರಲ್ಲಿ ಫೆರಾರಿ ತಂಡ ಸೇರಿ, ಪರೀಕ್ಷಾ ಓಟಗಳಿಗೆ ಅಪಾರ ಸಮಯ ಕೊಟ್ಟರು. 1979ರ ನಂತರ ಆ ತಂಡಕ್ಕೆ ಚಾಲಕರ ಪ್ರಶಸ್ತಿ ಬಂದದ್ದು 2000ದಲ್ಲಿ. (ತಂಡದ ಮುಖ್ಯಸ್ಥ ಜೀನ್ ಟಾಡ್, ತಾಂತ್ರಿಕ ನಿರ್ದೇಶಕ ರಾಸ್ ಬ್ರಾನ್, ಕಾರಿನ ವಿನ್ಯಾಸಕಾರ ರೋರಿ ಬೈರ್ನ್ ಇಲ್ಲದಿದ್ದರೆ ಅದೂ ಕಷ್ಟವಿತ್ತು.)

ಹೆಚ್ಚು ತಂಡಗಳು ಕೆಡುವುದು ಮುಚ್ಚಿಡುವುದರಿಂದ. ಟ್ರ್ಯಾಕ್ ಅಂಚಿಗೆ ಬಡಿದದ್ದನ್ನು ಚಾಲಕ ಹೇಳದಿದ್ದರೆ, ಟೈ ರಾಡ್ (ಸ್ಟೀರಿಂಗನ್ನು ಮುಂದಿನ ಚಕ್ರಕ್ಕೆ ಜೋಡಿಸುವ ಸರಳು) ಬಾಗಿರುವುದು ತಿಳಿಯದೆ ಮೆಕ್ಯಾನಿಕ್‌ಗಳು ದಿನವಿಡೀ ಟೈರ್ ಒತ್ತಡ ಬದಲಿಸುತ್ತಾ ಕೂರುತ್ತಾರೆ. ‘ತಪ್ಪು ನಂದೇ’ ಎಂದು ಅವನೇ ಮೊದಲು ಒಪ್ಪಿದರೆ, ಬೋಲ್ಟ್ ಬಿಗಿ ಮಾಡಲು ಮರೆತ ಹುಡುಗನೂ ಗಾಡಿ ಹೊರಡುವ ಮುಂಚೆ ಬಾಯಿ ಬಿಡುತ್ತಾನೆ.