ಮಗಳು ಹೋಮರನನ್ನು ಕೈಬಿಡಬೇಕೇ? : ಸಂಪಾದಕರ ಉತ್ತರ

ಶಿರಸಿಯ ಓದುಗರೊಬ್ಬರ ಪತ್ರದ ಸಾರ ಇದು: "ಮಗಳು ಅಮೆರಿಕದಲ್ಲಿ ಜೀವಶಾಸ್ತ್ರದ ಪದವಿಗೆ ಸೇರಿದ್ದಾಳೆ. ವಿಜ್ಞಾನ ಓದುವವರೂ ಒಂದೆರಡು ಸಾಹಿತ್ಯ, ಚರಿತ್ರೆಯ ಕೋರ್ಸ್ ತೆಗೆದುಕೊಳ್ಳಲೇಬೇಕಂತೆ. ಕಥೆಗಳೇ ತಾನೆ, ಸುಲಭ ಇರುತ್ತೆ ಅಂತ ಗ್ರೀಕ್ ಮತ್ತು ರೋಮನ್ ಸಾಹಿತ್ಯ ಪರಿಚಯದ ಕೋರ್ಸ್ ಆರಿಸಿಕೊಂಡಳು. ಮೊದಲ ಪ್ರಬಂಧಕ್ಕೇ 'ಸಿ' ಬಂತು. 'ಕಥೆ ಹೇಳಿದ್ದೀಯ, ನಿನ್ನ ವಾದ ಎಲ್ಲಿ?' ಅಂತ ಪಕ್ಕದಲ್ಲಿ ಬರೆದಿದ್ದಾರೆ. ಜೊತೆಯವರಲ್ಲಿ ಹಲವರು ಶಾಲೆಯಲ್ಲೇ ಲ್ಯಾಟಿನ್ ಕಲಿತವರು. 'ಇದು ಅವರ ಮನೆಯ ಆಸ್ತಿ ಅಮ್ಮಾ, ನಾನು ಹೊರಗಿನವಳು' ಅಂತ ಫೋನಿನಲ್ಲಿ ಅತ್ತಳು. ಮುಂದೆ ಓದಬೇಕಾದ ರೋಮನ್ ಕವಿ ಓವಿಡ್‌ನ ಕಥೆಗಳಲ್ಲಿ ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರವೇ ಜಾಸ್ತಿಯಂತೆ. ಬಿಟ್ಟುಬಿಡು ಅನ್ನಲೇ? ಅಷ್ಟಕ್ಕೂ ಜೀವಶಾಸ್ತ್ರದವಳಿಗೆ ಇದೆಲ್ಲ ಯಾಕೆ? ನಮ್ಮ ಮಹಾಭಾರತವನ್ನು ಅಲ್ಲಿ ಯಾರಾದರೂ ಓದುತ್ತಾರಾ?"

ನಮಸ್ಕಾರ.

ಬಿಡಬೇಡ ಅನ್ನಿ. ಯಾಕೆ ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಇದೇ ಸಂಕಟದಲ್ಲಿರುವ ಮಕ್ಕಳು ಬೇರೆ ಓದುಗರ ಮನೆಗಳಲ್ಲೂ ಇರಬಹುದು.

ಮೊದಲು ಆ 'ಸಿ' ವಿಷಯ. ಈ ಕೋರ್ಸುಗಳಲ್ಲಿ ಮೊದಲ ಪ್ರಬಂಧ ಮುಗ್ಗರಿಸುವುದು ತೀರಾ ಸಾಮಾನ್ಯ. ಶಾಲೆಯಲ್ಲಿ ಚೆನ್ನಾಗಿ ಓದಿದವರೇ ಹೆಚ್ಚು ಮುಗ್ಗರಿಸುತ್ತಾರೆ. ಓದಿದ್ದನ್ನು ಸರಿಯಾಗಿ ಒಪ್ಪಿಸಿದರೆ ಮಾರ್ಕ್ಸ್ ಬರುತ್ತದೆ ಎಂದು ಅವರಿಗೆ ಹನ್ನೆರಡು ವರ್ಷ ಕಲಿಸಲಾಗಿದೆ. ಇಲ್ಲಿ ಕೇಳುವುದು ಒಪ್ಪಿಸುವುದನ್ನಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಗ್ರೀಕ್ ಕವಿ ಹೋಮರನ ಯುದ್ಧಕಾವ್ಯ 'ಇಲಿಯಡ್' ಓದುವ ತರಗತಿಗಳಲ್ಲಿ ಈ ಸನ್ನಿವೇಶ ಚರ್ಚೆಗೆ ಬಂದೇ ಬರುತ್ತದೆ.

ಟ್ರಾಯ್ ಪಟ್ಟಣದ ಮುದಿ ದೊರೆ ಪ್ರಿಯಾಮ್. ಅವನ ಮಗ ಹೆಕ್ಟರ್‌ನನ್ನು ಅಕಿಲೀಸ್ ಕೊಂದಿದ್ದಾನೆ. ಕೊಂದದ್ದು ಸಾಲದು ಎಂದು ಹೆಣವನ್ನು ರಥಕ್ಕೆ ಕಟ್ಟಿ ಎಳೆದಾಡಿದ್ದಾನೆ. ಕಾವ್ಯದ ಕೊನೆಯ ಭಾಗದಲ್ಲಿ, ಅಂದರೆ 24ನೆಯದರಲ್ಲಿ, ಮುದುಕ ರಾತ್ರಿ ಹೊತ್ತು ಶತ್ರುವಿನ ಬಿಡಾರಕ್ಕೆ ಹೋಗುತ್ತಾನೆ. ಅಕಿಲೀಸನ ಮೊಣಕಾಲು ಹಿಡಿದು, ತನ್ನ ಮಕ್ಕಳನ್ನು ಕೊಂದ ಕೈಗಳಿಗೆ ಮುತ್ತಿಡುತ್ತಾನೆ. ಹೆಣ ಕೊಡು ಎಂದು ಬೇಡುತ್ತಾನೆ. ಇಬ್ಬರೂ ಅಳುತ್ತಾರೆ. ಅಕಿಲೀಸ್ ಒಪ್ಪುತ್ತಾನೆ.

ನಿಮ್ಮ ಮಗಳು ಬಹುಶಃ ಇಷ್ಟನ್ನು ಚೆನ್ನಾಗಿ, ತಪ್ಪಿಲ್ಲದೆ ಬರೆದಿರುತ್ತಾಳೆ. ಆದರೆ ಅಲ್ಲಿ ಇನ್ನೊಂದು ಸಣ್ಣ ಸಂಗತಿ ಇದೆ. ಹೆಣ ಕೊಡಲು ಒಪ್ಪಿದ ಮೇಲೆ ಅಕಿಲೀಸ್ ಮುದುಕನಿಗೆ ಊಟ ಮಾಡು ಅನ್ನುತ್ತಾನೆ. ಒತ್ತಾಯ ಮಾಡಲು ಒಂದು ಕಥೆಯನ್ನೂ ಹೇಳುತ್ತಾನೆ. ನಯೋಬಿ ಎಂಬ ತಾಯಿಯ ಹನ್ನೆರಡು ಮಕ್ಕಳು ಸತ್ತರು. ಅತ್ತು ಅತ್ತು ದಣಿದ ಮೇಲೆ ಅವಳಿಗೂ ಊಟದ ನೆನಪಾಯಿತು, ನಾವೂ ಉಣ್ಣೋಣ ಎನ್ನುತ್ತಾನೆ. ಈಗ 19ನೇ ಭಾಗಕ್ಕೆ ಹಿಂದೆ ಹೋಗಿ. ಗೆಳೆಯ ಪ್ಯಾಟ್ರೋಕ್ಲಸ್ ಸತ್ತಾಗ ಎಲ್ಲರೂ ಉಣ್ಣು ಅಂತ ಬೇಡಿಕೊಂಡರೂ ಒಂದು ತುತ್ತು ಮುಟ್ಟದೆ ಕೂತವನು ಇದೇ ಅಕಿಲೀಸ್. ಅನ್ನ ಬಿಟ್ಟವನೇ ಇವತ್ತು ಇನ್ನೊಬ್ಬನಿಗೆ ಬಡಿಸುತ್ತಿದ್ದಾನೆ. ಅದೂ ತಾನೇ ಕೊಂದವನ ತಂದೆಗೆ. ಊಟವಾದ ಮೇಲೆ ಪ್ರಿಯಾಮ್ ಹೇಳುತ್ತಾನೆ: ಮಗ ಸತ್ತಲ್ಲಿಂದ ನಾನೂ ಏನೂ ಮುಟ್ಟಿರಲಿಲ್ಲ.

ಸಾವಿನ ಮನೆಯಲ್ಲಿ ಯಾರೋ ಒಬ್ಬರು ತಟ್ಟೆ ಹಿಡಿದು ಬಂದು "ಎರಡು ತುತ್ತು ತಿನ್ನಿ" ಎನ್ನುವುದನ್ನು ನಾವೆಲ್ಲ ಕಂಡವರು. ಹಾಗೆ ಹೇಳುವ ಹಕ್ಕು ಯಾರಿಗಿದೆ? ಹೋಮರ್ ಆ ಹಕ್ಕನ್ನು ಕೊಂದವನಿಗೇ ಯಾಕೆ ಕೊಟ್ಟ? ಈ ಎರಡು ಊಟಗಳನ್ನು ಅಕ್ಕಪಕ್ಕ ಇಟ್ಟು, ಇಂಥ ಪ್ರಶ್ನೆ ಎತ್ತಿ, ಕಾವ್ಯದ ಸಾಲು ತೋರಿಸಿ ಉತ್ತರ ಹುಡುಕಿದರೆ ಅದು ವಾದ. ಆ ಪಕ್ಕದ ಟಿಪ್ಪಣಿ ಕೇಳುತ್ತಿರುವುದು ಇದನ್ನೇ. ಇದಕ್ಕೆ ಲ್ಯಾಟಿನ್ ಬೇಕಿಲ್ಲ, ಗ್ರೀಕೂ ಬೇಕಿಲ್ಲ. ಕೋರ್ಸು ನಡೆಯುವುದೇ ಇಂಗ್ಲಿಷ್ ಅನುವಾದದಲ್ಲಿ. ಎರಡು ಸಲ ಓದುವ ತಾಳ್ಮೆ ಬೇಕು, ಅಷ್ಟೇ. ಕಷ್ಟ ಇರುವುದೂ ಅಲ್ಲೇ. ಹದಿನೈದು ಸಾವಿರಕ್ಕೂ ಹೆಚ್ಚು ಸಾಲಿನ ಕಾವ್ಯವನ್ನು ಎರಡು ಮೂರು ವಾರದಲ್ಲಿ ಮುಗಿಸಿ ಮುಂದಕ್ಕೆ ಓಡುತ್ತಾರೆ. ಪ್ರಯೋಗಾಲಯದ ಕೆಲಸವೂ ಇರುವ ಹುಡುಗಿ ನೆಟ್ಟಿನಲ್ಲಿ ಸಿಗುವ ಸಾರಾಂಶ ನೋಡಿಕೊಂಡರೆ ಬೈಯುವ ಹಾಗಿಲ್ಲ. ಆದರೆ ಸಾರಾಂಶದಲ್ಲಿ ಈ ಊಟ ಹೆಚ್ಚೆಂದರೆ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಅದಕ್ಕೇ ಹೇಳುತ್ತೇನೆ, ಎಲ್ಲವನ್ನೂ ಅರೆದು ಕುಡಿಯಲು ಹೋಗಬೇಡ ಅನ್ನಿ. ಚರ್ಚೆಗೆ ಬರುವ ಭಾಗವನ್ನು ಮಾತ್ರ ನಿಧಾನಕ್ಕೆ, ಬಾಯಿಬಿಟ್ಟು ಓದಲಿ. ಇದು ಕೇಳುವವರಿಗಾಗಿ ಹುಟ್ಟಿದ ಕಾವ್ಯ. ಕಿವಿಗೆ ಬಿದ್ದರೆ ಬೇಗ ಹಿಡಿತಕ್ಕೆ ಸಿಗುತ್ತದೆ.

ಅಜ್ಜಿಯಿಂದ ಮಹಾಭಾರತ ಕೇಳಿ ಬೆಳೆದವಳು ಎಂದು ಬರೆದಿದ್ದೀರಿ. ಅದು ದೊಡ್ಡ ಬಲ. ಒಂದು ಅಪಾಯವೂ ಹೌದು. "ಇದು ನಮ್ಮ ಕಥೆಯ ಹಾಗೇ ಇದೆ" ಎಂದು ಅಲ್ಲಿಗೇ ನಿಂತುಬಿಟ್ಟರೆ ಎರಡೂ ಕಾವ್ಯಗಳು ಕೈತಪ್ಪುತ್ತವೆ. ಎಲ್ಲಿ ಬೇರೆಯಾಗುತ್ತದೆ ನೋಡಲಿ. ಯುದ್ಧ ಮುಗಿದ ಮೇಲೆ ಧೃತರಾಷ್ಟ್ರನೂ ಮಕ್ಕಳನ್ನು ಕೊಂದವನನ್ನು ತಬ್ಬಿಕೊಳ್ಳಲು ಕರೆಯುತ್ತಾನೆ. ಕೃಷ್ಣ ಮುಂದೆ ತಳ್ಳಿದ್ದು ಕಬ್ಬಿಣದ ಭೀಮನನ್ನು. ಆ ಅಪ್ಪುಗೆಗೆ ಕಬ್ಬಿಣ ಪುಡಿಯಾಯಿತು. ಇಲ್ಲಿ ಒಬ್ಬ ತಂದೆ ಅದೇ ಜಾಗದಲ್ಲಿ ನಿಂತು ಕೈಗೆ ಮುತ್ತಿಡುತ್ತಾನೆ. ಇವೆರಡನ್ನೂ ಒಟ್ಟಿಗೆ ಯೋಚಿಸಬಲ್ಲವರು ಆ ತರಗತಿಯಲ್ಲಿ ಎಷ್ಟು ಜನ ಇದ್ದಾರು?

ಈಗ "ಅವರ ಮನೆಯ ಆಸ್ತಿ" ಎಂಬ ಮಾತಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ತುಂಬ ಕಾಡಿದ್ದು ಇದೇ.

1852ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಮೇಕನ್ ಊರಿನಲ್ಲಿ ವಿಲಿಯಂ ಸ್ಯಾಂಡರ್ಸ್ ಸ್ಕಾರ್ಬರೊ ಹುಟ್ಟಿದ. ಹುಟ್ಟುವಾಗಲೇ ಗುಲಾಮ. ಕಪ್ಪು ಮಕ್ಕಳಿಗೆ ಓದು ಬರಹ ಕಲಿಸುವುದು ಅಲ್ಲಿ ಕಾನೂನಿಗೆ ವಿರುದ್ಧವಾಗಿತ್ತು. ಅವನು ಕದ್ದುಮುಚ್ಚಿ ಅಕ್ಷರ ಕಲಿತ. ಅಮೆರಿಕದ ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ ಶಾಲೆಗೆ ಹೋದ, ಅಟ್ಲಾಂಟಾದಲ್ಲಿ ಓದಿದ, 1875ರಲ್ಲಿ ಓಬರ್ಲಿನ್ ಕಾಲೇಜಿನಿಂದ ಪದವಿ ಪಡೆದ. 1881ರಲ್ಲಿ ಹೊಸದಾಗಿ ಗ್ರೀಕ್ ಕಲಿಯುವವರಿಗೆಂದು ಪಠ್ಯಪುಸ್ತಕ ಬರೆದ. ಆ ಪುಸ್ತಕವನ್ನು ಯೋಚಿಸಿ ನೋಡಿ. ಕಾವ್ಯವಲ್ಲ, ಭಾಷಣವಲ್ಲ. ವಿಭಕ್ತಿ, ಕ್ರಿಯಾಪದ, ಅಭ್ಯಾಸ, ಶಬ್ದಪಟ್ಟಿ ಇರುವಂಥ ಪಠ್ಯ. ಕಪ್ಪು ಜನರಿಗೆ ಇದು ಹತ್ತುವುದಿಲ್ಲ ಎನ್ನುತ್ತಿದ್ದ ದೇಶದಲ್ಲಿ, ಯಾವ ಬಣ್ಣದ ವಿದ್ಯಾರ್ಥಿಯಾದರೂ ತೆರೆದು ಮೊದಲ ಪಾಠ ಕಲಿಯಬಹುದಾದ ಪುಸ್ತಕ. ಮುಂದೆ ಅವನು ಒಹಾಯೊದ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾಲಯದ ಅಧ್ಯಕ್ಷನೂ ಆದ.

ಹೋಮರ್ ಯಾರ ಆಸ್ತಿ ಎಂಬ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ. ಕಪ್ಪು ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಹಾವರ್ಡ್ ವಿಶ್ವವಿದ್ಯಾಲಯ 2021ರಲ್ಲಿ ತನ್ನ ಕ್ಲಾಸಿಕ್ಸ್ ವಿಭಾಗವನ್ನು, ಅಂದರೆ ಹಳೆಯ ಗ್ರೀಕ್, ಲ್ಯಾಟಿನ್ ಸಾಹಿತ್ಯ ಕಲಿಸುವ ವಿಭಾಗವನ್ನು, ಮುಚ್ಚಲು ತೀರ್ಮಾನಿಸಿದಾಗ ಎಷ್ಟೋ ಜನ ನೊಂದು ಬರೆದರು. ಅದೇ ವರ್ಷ ಪ್ರಿನ್ಸ್‌ಟನ್‌ನಲ್ಲಿ ಕ್ಲಾಸಿಕ್ಸ್ ಪದವಿಗೆ ಗ್ರೀಕ್ ಅಥವಾ ಲ್ಯಾಟಿನ್ ಕಡ್ಡಾಯ ಎಂಬ ನಿಯಮ ತೆಗೆದರು. ದುಬಾರಿ ಶಾಲೆಗೆ ಹೋಗದವರಿಗೂ ಬಾಗಿಲು ತೆರೆಯಲಿ ಎಂದು ಕೆಲವರು ಸ್ವಾಗತಿಸಿದರು. ಭಾಷೆಯನ್ನೇ ಬಿಟ್ಟರೆ ಉಳಿಯುವುದೇನು ಎಂದು ಕೆಲವರು ಕೇಳಿದರು. ನನಗೆ ಎರಡೂ ಮಾತು ಸರಿ ಎನಿಸುತ್ತದೆ. ಆದರೆ ಹದಿನೆಂಟು ವರ್ಷದ ಯಾವ ಹುಡುಗಿಯೂ, ಅವಳು ಬಾಸ್ಟನ್ನಿನವಳಾಗಲಿ ಶಿರಸಿಯವಳಾಗಲಿ, ಅಕಿಲೀಸನ ವಾರಸುದಾರಳಾಗಿ ಹುಟ್ಟಿರುವುದಿಲ್ಲ. ಎಲ್ಲರೂ ಮೊದಲ ಪುಟದಿಂದಲೇ ಶುರುಮಾಡಬೇಕು.

ಲ್ಯಾಟಿನ್ ಬಗ್ಗೆ ಒಂದು ಮಾತು. ಆ ಭಾಷೆಯ ಹೆದರಿಕೆ ನಿಮ್ಮ ಮಗಳಿಗೆ ಬೇಡವೇ ಬೇಡ. ಇಂಗ್ಲಿಷ್ ಮಾತ್ರ ಬಲ್ಲವರು ಮೊದಲ ತಿಂಗಳು ಎಡವುವುದು ಇಂಥ ವಾಕ್ಯದಲ್ಲಿ: 'ಕಾನಿಸ್ ಪುಎರುಮ್ ಮೋರ್ದೆತ್'. ನಾಯಿ ಹುಡುಗನನ್ನು ಕಚ್ಚುತ್ತದೆ. ಅದನ್ನೇ 'ಪುಎರುಮ್ ಕಾನಿಸ್ ಮೋರ್ದೆತ್' ಎಂದರೂ ಅರ್ಥ ಅದೇ. ಹುಡುಗನನ್ನು ನಾಯಿ ಕಚ್ಚುತ್ತದೆ. ಪದ ಎಲ್ಲಿದ್ದರೂ ಕೊನೆಯ ಪ್ರತ್ಯಯ ನೋಡಬೇಕು, ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಕನ್ನಡದವರಿಗೆ ಇದನ್ನು ಹೇಳಿಕೊಡಬೇಕೇ? ನಮ್ಮ ತೃತೀಯಾ, ಪಂಚಮೀ, ಸಪ್ತಮೀ ಮಾಡುವ ಕೆಲಸದ ಬಹುಪಾಲನ್ನು ಅಲ್ಲಿ ಒಂದೇ ವಿಭಕ್ತಿ ಮಾಡುತ್ತದೆ. ಅದೊಂದು ಸ್ವಲ್ಪ ಗೋಜಲು. ಇಷ್ಟವಾದರೆ ಮುಂದಿನ ವರ್ಷ ಮೊದಲ ಹಂತದ ಲ್ಯಾಟಿನ್‌ಗೆ ಧೈರ್ಯವಾಗಿ ಸೇರಲಿ.

ಓವಿಡ್ ಬಗ್ಗೆ ನಿಮ್ಮ ಆತಂಕ ನ್ಯಾಯವಾದದ್ದು. ಅವನ 'ಮೆಟಮಾರ್ಫೋಸೀಸ್'ನಲ್ಲಿ ದೇವರುಗಳು, ದೊರೆಗಳು ಹೆಣ್ಣುಮಕ್ಕಳನ್ನು ಅಟ್ಟಿಸಿಕೊಂಡು ಹೋಗುತ್ತಾರೆ, ಹೊತ್ತೊಯ್ಯುತ್ತಾರೆ, ಕೆಡಿಸುತ್ತಾರೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದವರೆಲ್ಲ ಓದಲೇಬೇಕಾದ ಸಾಹಿತ್ಯದ ಕೋರ್ಸ್ ಒಂದು 1937ರಿಂದ ನಡೆದುಬಂದಿದೆ. 2015ರಲ್ಲಿ ಅಲ್ಲಿನ ವಿದ್ಯಾರ್ಥಿಗಳೇ ತಮ್ಮ ಪತ್ರಿಕೆಯಲ್ಲಿ ಬರೆದರು: ಈ ಕಥೆಗಳ ಭಾಷೆ ಎಷ್ಟು ಚೆಂದ ಅಂತಷ್ಟೇ ಪಾಠ ಮಾಡಿದರೆ, ಅಂಥದ್ದನ್ನು ಅನುಭವಿಸಿ ತರಗತಿಯಲ್ಲಿ ಕೂತಿರುವ ಹುಡುಗಿಯ ಗತಿ ಏನು? ಅದು ಸುಮ್ನೆ ತಳ್ಳಿಹಾಕುವ ಪ್ರಶ್ನೆಯಲ್ಲ. ಮೇಷ್ಟ್ರು ಮುಂಚೆಯೇ ಹೇಳಬೇಕು. ಅತ್ಯಾಚಾರವನ್ನು ಅತ್ಯಾಚಾರ ಎಂದೇ ಕರೆಯಬೇಕು. ಹಳೆಯ ಎಷ್ಟೋ ಇಂಗ್ಲಿಷ್ ಅನುವಾದಗಳು ಅದನ್ನು ಪ್ರಣಯದ ಹಾಗೆ ನುಣುಪು ಮಾಡಿದ್ದವು. ಹೊಸ ಅನುವಾದಗಳು ಬಿಚ್ಚಿ ಹೇಳುತ್ತವೆ. ಅಂಥ ಅನುವಾದ ಯಾವುದು ಎಂದು ನಿಮ್ಮ ಮಗಳು ಕೇಳಿ ತಿಳಿಯಲಿ.

ಆದರೆ ಆ ಪುಸ್ತಕವನ್ನು ದಾಟಿ ಹೋಗು ಎಂದು ನಾನು ಹೇಳಲಾರೆ. ಅದರಲ್ಲಿ ಫಿಲೊಮೆಲಾ ಎಂಬ ಹುಡುಗಿ ಇದ್ದಾಳೆ. ಅಕ್ಕನ ಗಂಡನೇ ಅವಳನ್ನು ಕೆಡಿಸಿ, ಹೊರಗೆ ಹೇಳದಿರಲಿ ಎಂದು ನಾಲಿಗೆ ಕತ್ತರಿಸಿ, ಕಾಡಿನೊಳಗೆ ಕೂಡಿಹಾಕುತ್ತಾನೆ. ಅವಳು ಮಗ್ಗ ಹೂಡುತ್ತಾಳೆ. ಬಿಳಿ ನೂಲಿನ ಮೇಲೆ ಕೆನ್ನೀಲಿ ನೂಲಿನಲ್ಲಿ ನಡೆದದ್ದನ್ನೆಲ್ಲ ನೇಯ್ದು ಅಕ್ಕನಿಗೆ ಕಳಿಸುತ್ತಾಳೆ. ಅಕ್ಕ ಆ ಬಟ್ಟೆ ಬಿಡಿಸಿ ಓದುತ್ತಾಳೆ. ಮುಂದೆ ಅವರಿಬ್ಬರು ತೀರಿಸಿಕೊಳ್ಳುವ ಸೇಡು ಭಯಂಕರ. ಆದರೂ ಎರಡು ಸಾವಿರ ವರ್ಷದ ಹಿಂದೆ ಒಬ್ಬ ಗಂಡಸು, ಬಾಯಿ ಮುಚ್ಚಿಸಿದರೂ ಹೆಣ್ಣಿನ ಸಾಕ್ಷಿ ಹೊರಬರುತ್ತದೆ ಎಂದು ಬರೆದಿಟ್ಟಿದ್ದಾನೆ. ಅದನ್ನು ನಿಮ್ಮ ಮಗಳು ಓದಬೇಕು ಎಂಬುದು ನನ್ನ ಆಸೆ. ತೀರಾ ಭಾರವಾದರೆ ಮೇಷ್ಟ್ರಿಗೆ ನೇರವಾಗಿ ಹೇಳಲಿ. ಹೇಳುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಜೀವಶಾಸ್ತ್ರಕ್ಕೆ ಏನು ಉಪಯೋಗ ಅಂದಿರಿ. ಅವಳ ಪಠ್ಯದ ಅರ್ಧಕ್ಕರ್ಧ ಪದಗಳು ಗ್ರೀಕ್, ಲ್ಯಾಟಿನ್ ಮೂಲದವೇ. ಅದು ಸಣ್ಣ ಲಾಭ, ಅದಕ್ಕಾಗಿ ಇಡೀ ಸೆಮಿಸ್ಟರ್ ಬೇಕಿಲ್ಲ. ಕಣ್ಣಿಗೆ ಕಂಡದ್ದನ್ನು ಎರಡನೇ ಸಲ ನೋಡಿ, ಆಧಾರ ಕೊಟ್ಟು ಮಾತಾಡುವುದನ್ನು ಅವಳು ಪ್ರಯೋಗಾಲಯದಲ್ಲೂ ಮಾಡಬೇಕಲ್ವಾ?

ಮಹಾಭಾರತವನ್ನೂ ಅಲ್ಲಿ ಓದುತ್ತಾರೆ. ದಕ್ಷಿಣ ಏಷ್ಯಾ ಅಧ್ಯಯನ, ಧರ್ಮ ಅಧ್ಯಯನದಂಥ ವಿಭಾಗಗಳಲ್ಲಿ ಕೋರ್ಸುಗಳಿವೆ. ಕ್ಲಾಸಿಕ್ಸ್ ಎಂದರೆ ಗ್ರೀಸ್ ಮತ್ತು ರೋಮ್ ಮಾತ್ರ ಎಂದು ಹಿಂದಿನಿಂದ ಬಂದ ರೂಢಿಯನ್ನು ಈಗ ಅಲ್ಲಿಯವರೇ ಪ್ರಶ್ನಿಸುತ್ತಿದ್ದಾರೆ. ಅವಳ ಗ್ರಂಥಾಲಯದಲ್ಲಿ ಲೋಬ್ ಮಾಲೆಯ ಪುಟ್ಟ ಪುಸ್ತಕಗಳು ಸಾಲಾಗಿ ಇರುತ್ತವೆ. ಗ್ರೀಕಿಗೆ ಹಸಿರು ರಟ್ಟು, ಲ್ಯಾಟಿನ್‌ಗೆ ಕೆಂಪು. ಎಡಗಡೆ ಮೂಲ, ಬಲಗಡೆ ಅನುವಾದ. ಅದೇ ಮಾದರಿಯಲ್ಲಿ ಹಾರ್ವರ್ಡ್‌ನಿಂದ 2015ರಿಂದ ಬರುತ್ತಿರುವ ಮೂರ್ತಿ ಮಾಲೆಯಲ್ಲಿ ನಮ್ಮ ರಾಘವಾಂಕನ ಹರಿಶ್ಚಂದ್ರಕಾವ್ಯ ಇದೆ. ಎಡಪುಟದಲ್ಲಿ ಕನ್ನಡ ಲಿಪಿಯೇ ಇದೆ. ಬೇಜಾರಾದ ದಿನ ಹೋಗಿ ತೆಗೆದು ನೋಡಲಿ.

ಈಗ ಮಾಡಬೇಕಾದದ್ದು. ಅಲ್ಲಿ ಮೇಷ್ಟ್ರುಗಳು ವಾರದಲ್ಲಿ ಇಂತಿಷ್ಟು ಹೊತ್ತು ವಿದ್ಯಾರ್ಥಿಗಳಿಗಾಗಿಯೇ ಕೋಣೆಯಲ್ಲಿ ಕೂತಿರುತ್ತಾರೆ. ನಮ್ಮ ಮಕ್ಕಳು ಹೋಗುವುದೇ ಇಲ್ಲ, ದಡ್ಡರು ಅಂದುಕೊಂಡಾರು ಎಂಬ ಭಯ. ಆ 'ಸಿ' ಬಂದ ಪ್ರಬಂಧ ಹಿಡಿದುಕೊಂಡೇ ಹೋಗಲಿ. ಮುಂದಿನ ಪ್ರಬಂಧದ ಮೊದಲ ಪ್ಯಾರಾವನ್ನು ಮುಂಚೆಯೇ ತೋರಿಸಲಿ. ಗ್ರೇಡಿನ ಬದಲು ಬರೀ ಪಾಸು, ಫೇಲು ಎಂದು ಬದಲಾಯಿಸಿಕೊಳ್ಳುವ ಅವಕಾಶ ಎಷ್ಟೋ ಕಡೆ ಇರುತ್ತದೆ. ಅದಕ್ಕೆ ಕೊನೆಯ ದಿನ ಯಾವುದು, ಕಡ್ಡಾಯ ಕೋರ್ಸಿಗೆ ಅದು ನಡೆಯುತ್ತದೆಯೇ ಎಂದು ವಿಚಾರಿಸಲಿ. ಕೋರ್ಸ್ ಬಿಡುವುದಕ್ಕಿಂತ ಅದು ವಾಸಿ.

ನಿಮಗೂ ಒಂದು ಕೆಲಸ. ಬಿ.ಎಂ.ಶ್ರೀ ಅವರ 'ಅಶ್ವತ್ಥಾಮನ್' ಸಿಕ್ಕರೆ ಓದಿ. ಗ್ರೀಕ್ ನಾಟಕಕಾರ ಸೊಫೊಕ್ಲೀಸನ 'ಅಜಾಕ್ಸ್' ನಾಟಕವನ್ನು ಅವರು ಅಶ್ವತ್ಥಾಮನ ಕಥೆಯಾಗಿ ಕನ್ನಡಕ್ಕೆ ತಂದರು. ಭಾಷೆ ಹಳೆಯ ಧಾಟಿಯದು, ನಿಧಾನವಾಗಿ ಸಾಗಬೇಕು. ಭಾನುವಾರದ ಫೋನಿನಲ್ಲಿ "ಮಾರ್ಕ್ಸ್ ಎಷ್ಟು ಬಂತು" ಎಂದು ಕೇಳುವ ಬದಲು, ಅಜಾಕ್ಸ್ ಯಾಕೆ ತನ್ನ ಪ್ರಾಣ ತಾನೇ ಕಳೆದುಕೊಂಡ ಎಂದು ಕೇಳಿ. ಅವಳು ಹೇಳಲಿ, ನೀವು ಒಪ್ಪಬೇಡಿ. ಅವಳಿಗೆ ವಾದ ಮಾಡುವುದು ರೂಢಿಯಾಗುತ್ತದೆ.

ಸೆಮಿಸ್ಟರ್ ಮುಗಿದ ಮೇಲೆ ಪ್ರಿಯಾಮನ ಊಟದ ಬಗ್ಗೆಯಾಗಲಿ, ಫಿಲೊಮೆಲಾಳ ಮಗ್ಗದ ಬಗ್ಗೆಯಾಗಲಿ ಅವಳು ಕನ್ನಡದಲ್ಲಿ ಒಂದು ಲೇಖನ ಬರೆದು ಕಳಿಸಲಿ. ನಮ್ಮ ಪುಟಗಳಲ್ಲಿ ಜಾಗ ಇದೆ.

– ಸಂಪಾದಕ